ಇಪ್ಪತ್ತು ಹೆರಿಗೆ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದದ್ದು ಒಂದು ಸೋಮವಾರ. ಮಗಳಿಗೆ ಹೆರಿಗೆ ವಾರ್ಡಿನ ಡ್ಯೂಟಿ ಶುರುವಾಗಬೇಕಿದ್ದದ್ದು ಅದರ ಮುಂದಿನ ಸೋಮವಾರ. ಎರಡೂ ಜೊತೆಗೇ ಬಂದು ಬಾಗಿಲು ತಟ್ಟುತ್ತವೆ ಎಂದು ಬ್ರೆಡ್ಡಕ್ಕ ಕನಸಿನಲ್ಲೂ ಎಣಿಸಿರಲಿಲ್ಲ.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಒಂಬತ್ತು ವರ್ಷದಿಂದ ಅವಳು ಬ್ರೆಡ್ ಕಾರ್ಖಾನೆಯಲ್ಲಿದ್ದಳು. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ, ಯಂತ್ರ ಕೊಯ್ದು ತಳ್ಳುವ ಬ್ರೆಡ್ಡನ್ನು ಚೀಲಕ್ಕೆ ತುಂಬುವ ಕೆಲಸ. ಮಾರಲಾಗದ ತುದಿ ತುಂಡುಗಳನ್ನು ಮನೆಗೆ ತರಬಹುದಿತ್ತು. ತಂದದ್ದರಲ್ಲಿ ಅರ್ಧ ಬೀದಿಯ ಮಕ್ಕಳ ಪಾಲು. ಗಂಡ ಸಿಟಿ ಬಸ್ಸಿನ ಡ್ರೈವರ್. ಇದ್ದವಳು ಒಬ್ಬಳೇ ಮಗಳು. ಉದ್ದಕ್ಕೆ, ತೆಳ್ಳಗೆ ಬೆಳೆದದ್ದರಿಂದ ಮನೆಯಲ್ಲಿ ಅವಳ ಹೆಸರು ಕಡ್ಡಿ. ಮಾತೂ ಹಾಗೇ, ಕಡ್ಡಿ ಮುರಿದ ಹಾಗೆ. ನರ್ಸಿಂಗ್ ಡಿಪ್ಲೊಮಾದ ಮೂರನೇ ವರ್ಷ ಓದುತ್ತಿದ್ದಳು. ತಾಯಿಯ ಸಂಬಳ ಅವಳ ಫೀಸಿಗೆ, ತಂದೆಯ ಸಂಬಳ ಮನೆಗೆ. ಇದು ಮೂರು ವರ್ಷದಿಂದ ನಡೆದುಕೊಂಡು ಬಂದ ಏರ್ಪಾಡು.

ಅತ್ತೆಯ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಹೃದಯ ದುರ್ಬಲ, ಆಪರೇಷನ್ ತಡೆಯುವುದಿಲ್ಲ ಎಂದರು ಡಾಕ್ಟರು. ಐದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮುಂದಿನ ಕೋಣೆಯ ಮೇಜನ್ನು ಹೊರಗೆ ಹಾಕಿ ಮಂಚ ಹಾಕಿದರು. ಅಂದಿನಿಂದ ಆ ಮನೆಯವರ ಊಟ ನೆಲಕ್ಕಿಳಿಯಿತು.

ಆ ಶನಿವಾರ ಸಂಜೆ ಅನ್ನ ಸಾರು ಬಡಿಸಿಕೊಂಡು ಕೂತಾಗ ಕಡ್ಡಿ ಹೇಳಿದಳು: "ನಾಡಿದ್ದಿನಿಂದ ಎಂಟು ವಾರ ನನ್ನನ್ನ ಯಾರೂ ಏನೂ ಕೇಳಬೇಡಿ. ಇಪ್ಪತ್ತು ಹೆರಿಗೆ ಆಗಬೇಕು."

"ಯಾರಿಗೆ, ನಿನಗಾ?" ಅಂದ ತಂದೆ.

"ತಮಾಷೆ ಬೇಡಪ್ಪ. ಇಪ್ಪತ್ತು ಹೆರಿಗೆ ನಾನು ಕೈಯಾರೆ ಮಾಡಿಸಬೇಕು. ಪ್ರತಿಯೊಂದಕ್ಕೂ ಕೇಸ್ ಪುಸ್ತಕದಲ್ಲಿ ವಾರ್ಡ್ ಸಿಸ್ಟರ್ ಸಹಿ ಹಾಕಬೇಕು. ಇಪ್ಪತ್ತು ಆಗಲಿಲ್ಲ ಅಂದ್ರೆ ಕೊನೇ ಪರೀಕ್ಷೆಗೆ ಕೂರಿಸಲ್ಲ. ಪರೀಕ್ಷೆ ಇಲ್ಲ ಅಂದ್ರೆ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿ ಇಲ್ಲ. ನೋಂದಣಿ ಇಲ್ಲ ಅಂದ್ರೆ ನಾನು ನರ್ಸ್ ಅಲ್ಲ."

"ಈ ವರ್ಷ ಹದಿನೆಂಟಾದ್ರೆ ಮುಂದಿನ ವರ್ಷ ಎರಡು ಮಾಡಿದ್ರಾಯ್ತು."

"ಮುಂದಿನ ವರ್ಷ ಅನ್ನೋದೇ ಇಲ್ಲ. ನಮ್ಮದೇ ಕೊನೇ ಡಿಪ್ಲೊಮಾ. ನಮ್ಮ ಹಿಂದೆ ಸೇರಿದವರೆಲ್ಲ ಡಿಗ್ರಿಯವರು."

"ಓಹೋ, ಕೊನೇ ಬಸ್ಸು ಹಿಡಿದಿದೀಯ ಅನ್ನು," ಎಂದು ತಂದೆ ನಕ್ಕ. ಮಂಚದ ಮೇಲಿನಿಂದ ಅತ್ತೆ, "ನನ್ನ ಮೊಮ್ಮಗಳು ಯಾವ ಬಸ್ಸೂ ತಪ್ಪಿಸಿಕೊಳ್ಳೋಳಲ್ಲ," ಅಂದಳು. ಬ್ರೆಡ್ಡಕ್ಕ ಮನಸ್ಸಿನಲ್ಲಿ ಗಂಟೆಗಳನ್ನು ಜೋಡಿಸುತ್ತಿದ್ದಳು.

ಮೊದಲ ಎರಡು ವಾರ ಹೇಗೋ ಸಾಗಿತು. ಗಂಡ ಡಿಪೋದಲ್ಲಿ ಕೈಕಾಲು ಹಿಡಿದು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡ. ಬ್ರೆಡ್ಡಕ್ಕ ಐದೂಕಾಲಿಗೆ ಹೊರಟರೆ, ಕಡ್ಡಿ ಆರೂವರೆಗೆ. ಗಂಡ ಒಂದರವರೆಗೆ ತಾಯಿಯ ಪಕ್ಕದಲ್ಲಿರುತ್ತಿದ್ದ. ಅವನು ಹೋಗಿ ಇವಳು ಬರುವ ತನಕ ಕೆಳಗಿನ ಮನೆಯ ದರ್ಜಿ ಹೆಂಗಸು ಎರಡು ಸಲ ಬಂದು ಇಣುಕುತ್ತಿದ್ದಳು. ಕಡ್ಡಿ ಸಂಜೆ ಬಂದವಳೇ ಅಜ್ಜಿಯ ಮೈ ಒರೆಸಿ, ಬಟ್ಟೆ ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು ಮಗ್ಗುಲು ತಿರುಗಿಸುತ್ತಿದ್ದಳು. ಆಮೇಲೆ ಕೇಸ್ ಪುಸ್ತಕ ತೆಗೆದು ಬರೆಯಲು ಕೂರುವಳು. ಎರಡು ವಾರಕ್ಕೆ ಏಳು ಸಹಿ ಬಿದ್ದಿತ್ತು.

"ಇವತ್ತು ಅವಳಿ," ಅಂದಳು ಒಂದು ದಿನ, ಬ್ರೆಡ್ಡಿನ ತುದಿಯನ್ನು ಚಹಾದಲ್ಲಿ ಅದ್ದುತ್ತಾ. "ಎರಡನೇದು ಕಾಲು ಮುಂದೆ ಮಾಡಿ ಬಂತು. ಸಿಸ್ಟರ್ ನನ್ನ ಕೈ ಮೇಲೆ ಕೈ ಇಟ್ಟು ಮಾಡಿಸಿದ್ರು, ಅಮ್ಮ. ಅಳಲೇ ಇಲ್ಲ ಮೊದಲು. ಬೆನ್ನು ಉಜ್ಜಿದೆ, ಉಜ್ಜಿದೆ... ಆಮೇಲೆ ಏನು ಗಂಟಲು ಅಂತೀಯ!"

ಮಗಳ ಮುಖದಲ್ಲಿ ಅಂಥ ಬೆಳಕನ್ನು ಬ್ರೆಡ್ಡಕ್ಕ ಹಿಂದೆ ನೋಡಿರಲಿಲ್ಲ. ಅವಳಿಗೆ ಯಾಕೋ ಹೆದರಿಕೆಯಾಯಿತು.

ಮೂರನೇ ವಾರ ಡಿಪೋದವರು ಗಂಡನನ್ನು ಬೆಳಗಿನ ಪಾಳಿಗೆ ಎಳೆದರು. ನಾಲ್ಕೂವರೆಗೆ ಎದ್ದು ಹೋದರೆ ಅವನು ಮರಳುವುದು ಮೂರಕ್ಕೆ. ಒಬ್ಬ ಹೆಂಗಸನ್ನು ಕೆಲಸಕ್ಕಿಟ್ಟುಕೊಂಡರು. ಅವಳು ನಾಲ್ಕು ದಿನ ಇದ್ದಳು. ಮೊದಲ ದಿನ ಅತ್ತೆ ಗಂಜಿ ಉಗುಳಿದಳು. ಎರಡನೇ ದಿನ, "ಈ ಕಳ್ಳಿ ನನ್ನ ಬಳೆ ನೋಡ್ತಿದಾಳೆ," ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು. ನಾಲ್ಕನೇ ದಿನ ಮಧ್ಯಾಹ್ನ ಬ್ರೆಡ್ಡಕ್ಕ ಬಂದಾಗ ಹೆಂಗಸು ಇರಲಿಲ್ಲ. ಅತ್ತೆ ಬೆಳಗ್ಗೆ ಮಲಗಿಸಿದ ಮಗ್ಗುಲಲ್ಲೇ ಇದ್ದಳು. ಸೊಂಟದ ಕೆಳಗೆ ಚರ್ಮ ಬಿರಿದು ನೀರು ಒಸರುತ್ತಿತ್ತು.

ಕಡ್ಡಿ ಬಂದು ಅದನ್ನು ನೋಡಿದಳು. ಬೈಯಲಿಲ್ಲ. ಉಪ್ಪುನೀರು ಕಾಯಿಸಿ ಆರಿಸಿ, ಗಾಯದ ನಡುವಿನಿಂದ ಅಂಚಿಗೆ ಒರೆಸುತ್ತಾ ಬಂದಳು. ಒಮ್ಮೆ ಒರೆಸಿದ ಹತ್ತಿಯನ್ನು ಮತ್ತೆ ಬಳಸಲಿಲ್ಲ. ಅತ್ತೆ ಒಮ್ಮೆಯೂ ಚೀರಲಿಲ್ಲ. ಬ್ರೆಡ್ಡಕ್ಕ ಪಾತ್ರೆ ಹಿಡಿದು ನಿಂತಿದ್ದಳು. ತನ್ನ ಒಂಬತ್ತು ವರ್ಷದ ದುಡಿಮೆ ಮಗಳ ಆ ಹತ್ತು ಬೆರಳಲ್ಲಿ ಕಾಣುತ್ತಿದೆ ಅನ್ನಿಸಿತು.

"ನಾಳೆ ಒಂದು ದಿನ ಇರ್ತೀಯಾ?" ಎಂದು ಕೇಳಿದಳು. "ನಾನು ಕಾರ್ಖಾನೆ ಮೇಸ್ತ್ರಿ ಹತ್ರ ಮಾತಾಡಿ ಏನಾದ್ರೂ ಮಾಡ್ತೀನಿ."

"ಒಂದೇ ದಿನ," ಅಂದಳು ಕಡ್ಡಿ.

ಮೇಸ್ತ್ರಿ ಮಾತಾಡಿದ. "ರಜ ತಗೋ ಅಕ್ಕ, ಯಾರು ಬೇಡ ಅಂದ್ರು? ಬಾಗಿಲಲ್ಲಿ ಹತ್ತು ಜನ ನಿಂತಿದಾರೆ ನಿನ್ನ ಜಾಗಕ್ಕೆ." ಅವಳು ಯಂತ್ರದ ಮುಂದೆ ಹೋಗಿ ನಿಂತಳು. ಕೆಲಸ ಬಿಟ್ಟರೆ ಕೊನೆಯ ಕಂತಿನ ಫೀಸು ಇಲ್ಲ. ಬಿಡದಿದ್ದರೆ ಮಗಳು ವಾರ್ಡಿಗಿಲ್ಲ. ಅತ್ತ ದರಿ, ಇತ್ತ ಪುಲಿ.

ಒಂದು ದಿನ ಎಂದದ್ದು ಮೂರಾಯಿತು. ಮುಂದಿನ ವಾರ ಎರಡು. ಹೆರಿಗೆ ಏನು ಹೇಳಿ ಕೇಳಿ ಬರುತ್ತದೆಯೇ? ವಾರ್ಡಿನಲ್ಲಿ ಮೂರು ಕಾಲೇಜಿನ ಹುಡುಗಿಯರು. ಆ ಹೊತ್ತಿಗೆ ಇದ್ದವಳಿಗೆ ಕೇಸು. ನಾಲ್ಕು ವಾರ ಮುಗಿದಾಗ ಕಡ್ಡಿಯ ಪುಸ್ತಕದಲ್ಲಿ ಒಂಬತ್ತು ಸಹಿ, ಅವಳ ಗೆಳತಿಯ ಪುಸ್ತಕದಲ್ಲಿ ಹದಿನಾರು.

ಆ ಭಾನುವಾರ ಗಂಡನ ಅಕ್ಕ ಬಂದಳು. ಊರಿನ ಆ ತುದಿಯಲ್ಲಿ ಅವಳ ಮನೆ. ಕೈಯಲ್ಲಿ ಹಣ್ಣಿನ ಚೀಲ, ಬಾಯಲ್ಲಿ ಉಪದೇಶ. ತಾಯಿಯ ಹಣೆ ಸವರಿ ಕಣ್ಣೊರೆಸಿಕೊಂಡು, ಊಟಕ್ಕೆ ಕೂತಳು.

ಬ್ರೆಡ್ಡಕ್ಕ ಮೆಲ್ಲಗೆ ಮಾತು ತೆಗೆದಳು: "ನಾಲ್ಕು ವಾರದ ಮಾತು. ಅಮ್ಮನ್ನ ನಿಮ್ಮಲ್ಲಿ ಇಟ್ಟುಕೊಂಡ್ರೆ..."

"ನಾನಾ? ನನ್ನ ಮಂಡಿ ನೋಡಿದೀಯಾ? ಮೆಟ್ಟಿಲು ಹತ್ತೋಕೇ ಪ್ರಾಣ ಹೋಗತ್ತೆ. ಮನೇಲೇ ನರ್ಸ್ ಇಟ್ಟುಕೊಂಡು ಬೇರೆಯವರ ಮನೆ ಬಾಗಿಲು ಯಾಕೆ ತಟ್ತೀಯ?"

"ನಾನಿನ್ನೂ ನರ್ಸ್ ಆಗಿಲ್ಲ, ದೊಡ್ಡತ್ತೆ," ಅಂದಳು ಕಡ್ಡಿ. "ಆಗೋಕೆ ಬಿಡಿ ಅಂತ ಕೇಳ್ತಿರೋದು."

"ಕೇಳಿಸಿಕೊಂಡ್ಯಾ ತಮ್ಮಾ, ಮಗಳ ಮಾತು! ಯಾರ್ಯಾರದೋ ಹೆರಿಗೆಗೆ ಕೈ ಕೊಡ್ತಾಳಂತೆ, ಹೆತ್ತಪ್ಪನ ಹೆತ್ತವ್ವನಿಗೆ ಕೈ ಹಾಕಲ್ಲ ಅಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ."

"ಕೈ ಹಾಕಲ್ಲ ಅಂದ್ನಾ? ಈ ಮನೇಲಿ ಹಾಕಿದ ಕೈಗೆ ಯಾರೂ ಸಹಿ ಮಾಡಲ್ಲ ಅಂದೆ."

"ಪುಣ್ಯಕ್ಕೆ ಸಹಿ ಬೇಕೇನೇ?"

"ಬೇಕು. ನೀವು ತಂದ ಹಣ್ಣಿಗೂ ಅಂಗಡಿಯವನು ಚೀಟಿ ಕೊಟ್ಟಿದಾನಲ್ಲ."

ಗಂಡನ ಅಕ್ಕ ತಟ್ಟೆ ತಳ್ಳಿ ಎದ್ದಳು. ಬ್ರೆಡ್ಡಕ್ಕ ಗಂಡನ ಮುಖ ನೋಡಿದಳು. ಅವನು ಯಾವಾಗಲೂ ಹಾಗೇ. ಅಡ್ಡಗೋಡೆಯ ಮೇಲೆ ದೀಪ ಇಡುವವನು. "ಇಬ್ಬರದೂ ಸರೀನೇ," ಅಂದ. "ಅಕ್ಕನ ಮಂಡಿನೂ ಸರಿ, ಮಗಳ ಪರೀಕ್ಷೆನೂ ಸರಿ. ಏನೋ ಒಂದು ಹೊಂದಿಸ್ಕೊಂಡು ಹೋಗೋಣ." ಹೊಂದಿಸಿಕೊಳ್ಳುವವರು ಯಾರು ಎಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಐದನೇ ವಾರ ದರ್ಜಿ ಹೆಂಗಸೇ ದೊಡ್ಡ ಮನಸ್ಸು ಮಾಡಿ ಹೊಲಿಗೆ ಯಂತ್ರವನ್ನು ಮೇಲಕ್ಕೆ ತಂದು ಮಂಚದ ಪಕ್ಕದಲ್ಲಿ ಹಾಕಿಕೊಂಡಳು. ಅತ್ತೆಗೆ ಅವಳ ಹರಟೆ ಹಿಡಿಸಿತು. ಕಡ್ಡಿಗೆ ಎರಡು ಸಹಿ ಬಿತ್ತು, ಹನ್ನೊಂದು. ಆದರೆ ಆರನೇ ವಾರಕ್ಕೆ ದರ್ಜಿ ಹೆಂಗಸಿನ ಮಗಳು ಬಾಣಂತನಕ್ಕೆ ಬಂದಳು. ಯಂತ್ರ ಕೆಳಗಿಳಿಯಿತು. ಬೆಳಗ್ಗೆ ಒಂಬತ್ತರ ಮೇಲೆ ಆಗಾಗ ಬಂದು ನೋಡಬಲ್ಲೆ, ಅಷ್ಟೇ ನನ್ನ ಕೈಲಾಗೋದು ಎಂದಳು ಪಾಪ.

ಕಡ್ಡಿ ವಾರ್ಡ್ ಸಿಸ್ಟರ್ ಹತ್ತಿರ ಹೋಗಿ ಮನೆಯ ಕತೆಯನ್ನೆಲ್ಲ ಹೇಳಿಕೊಂಡಳು. ಆಕೆ ಗಟ್ಟಿ ಹೆಂಗಸು, ಕರಗುವವಳಲ್ಲ, ಆದರೂ ಹೇಳಿದಳಂತೆ: "ಬುಧವಾರದಿಂದ ಮೂರು ದಿನ ನಿನ್ನ ಹೆಸರು ಪಟ್ಟಿಯಲ್ಲಿ ಮೊದಲು ಹಾಕ್ತೀನಿ. ಬಂದ ಕೇಸೆಲ್ಲ ನಿನಗೇ. ಏಳಕ್ಕೆ ಸರಿಯಾಗಿ ಇರಬೇಕು. ಒಂದು ನಿಮಿಷ ತಡವಾದ್ರೆ ನಿನ್ನ ಪಾಡು."

ಮಂಗಳವಾರ ಸಂಜೆಯೇ ಕಡ್ಡಿ ಯೂನಿಫಾರ್ಮ್ ಇಸ್ತ್ರಿ ಮಾಡಿ ಗೋಡೆಗೆ ತೂಗುಹಾಕಿದಳು. ಅಜ್ಜಿಗೆ ಬೇಕಾದ ನೀರು, ಬ್ರೆಡ್ಡು, ಕೋಲು, ಗಂಟೆ ಎಲ್ಲವನ್ನೂ ಕೈಗೆಟಕುವಂತೆ ಸ್ಟೂಲಿನ ಮೇಲಿಟ್ಟಳು. "ಆರೂವರೆಯಿಂದ ಒಂಬತ್ತು, ಎರಡೂವರೆ ಗಂಟೆ ಅಷ್ಟೇ ಅಜ್ಜಿ. ಆಮೇಲೆ ದರ್ಜಿಯಮ್ಮ ಬರ್ತಾರೆ."

"ಹೋಗು ಹೋಗು. ನಾನೇನು ಎದ್ದು ಓಡಿಹೋಗ್ತೀನಾ," ಅಂದಳು ಮುದುಕಿ.

ಬುಧವಾರ ಐದು ಗಂಟೆಗೆ ಬ್ರೆಡ್ಡಕ್ಕ ಎದ್ದಳು. ಗಂಡ ಆಗಲೇ ಹೋಗಿದ್ದ. ಕಡ್ಡಿ ಒಳಕೋಣೆಯಲ್ಲಿ ಮಲಗಿದ್ದಳು. ಐದೂಮುಕ್ಕಾಲಕ್ಕೆ ಅಲಾರಂ ಇಟ್ಟುಕೊಂಡಿದ್ದಳು. ಬ್ರೆಡ್ಡಕ್ಕ ಚಹಾ ಕುಡಿದು ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಕೋಣೆಗೆ ಬಂದಾಗ ವಾಸನೆ ಬಂತು. ಹೊದಿಕೆ ಸ್ವಲ್ಪ ಎತ್ತಿ ನೋಡಿದಳು. ಹೊಟ್ಟೆ ಕೆಟ್ಟಿತ್ತು. ಚಾದರ, ಹಾಸಿಗೆ, ಬೆನ್ನಿನವರೆಗೂ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯೋ ನಾಚಿಕೆಯೋ ತಿಳಿಯಲಿಲ್ಲ.

ತೊಳೆದು ಬದಲಿಸಲು ಮುಕ್ಕಾಲು ಗಂಟೆ ಬೇಕು. ಐದೂವರೆಯ ಬಸ್ಸು ತಪ್ಪಿದರೆ ಆರಕ್ಕೆ ಕಾರ್ಖಾನೆಯ ಗೇಟು ಮುಚ್ಚುತ್ತದೆ. ಹೋದ ವಾರವಷ್ಟೇ ಒಬ್ಬಳಿಗೆ ಗೇಟಿನಿಂದಲೇ ಲೆಕ್ಕ ಚುಕ್ತಾ ಮಾಡಿ ಕಳಿಸಿದ್ದರು.

ಬ್ರೆಡ್ಡಕ್ಕ ಹೊದಿಕೆಯನ್ನು ಇದ್ದ ಹಾಗೇ ಮುಚ್ಚಿದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು. ಬೀದಿಗೆ ಬಂದು ಚಪ್ಪಲಿ ಮೆಟ್ಟಿದವಳು ಓಡಿದಳು. ಬಸ್ಸು ಸಿಕ್ಕಿತು.

ಇಡೀ ದಿನ ಚೀಲ ತುಂಬುತ್ತಾ ಅವಳು ತನಗೇ ಹೇಳಿಕೊಂಡಳು: ಕಡ್ಡಿಯ ಕೈ ಚುರುಕು, ನನ್ನ ಮುಕ್ಕಾಲು ಗಂಟೆ ಅವಳಿಗೆ ಅರ್ಧ ಗಂಟೆ. ಏಳಕ್ಕೆ ಮುಟ್ಟಿರುತ್ತಾಳೆ.

ಮುಟ್ಟಿರಲಿಲ್ಲ. ಅಜ್ಜಿಯ ಗಾಯದೊಳಗೆಲ್ಲ ಹೊಲಸು ಸೇರಿತ್ತು. ಅದನ್ನು ತೊಳೆದು ಕಟ್ಟಿ, ಹಾಸಿಗೆ ಬದಲಿಸಿ, ಸ್ನಾನ ಮಾಡಿ ಕಡ್ಡಿ ವಾರ್ಡ್ ಮುಟ್ಟಿದಾಗ ಏಳೂವರೆಯಾಗಿತ್ತು. ಅಷ್ಟರಲ್ಲಿ ಎರಡು ಹೆರಿಗೆ ಬೇರೆಯವರ ಪಾಲಾಗಿದ್ದವು. ಸಿಸ್ಟರ್ ಪಟ್ಟಿಯಿಂದ ಹೆಸರು ಹೊಡೆದು ಹಾಕಿದ್ದಳು. ಆ ಮೂರು ದಿನದಲ್ಲಿ ವಾರ್ಡಿನಲ್ಲಿ ಹನ್ನೆರಡು ಮಕ್ಕಳು ಹುಟ್ಟಿದವು. ಕಡ್ಡಿಗೆ ಸಿಕ್ಕಿದ್ದು ಒಂದು.

ಸಂಜೆ ಬ್ರೆಡ್ಡಕ್ಕ ಕೇಳಿದಳು, "ಏನಾಯ್ತೇ?"

"ತಡವಾಯ್ತು," ಅಂದಳು ಕಡ್ಡಿ. ಅಷ್ಟೇ.

ಆ ಗಾಯದಿಂದಲೇ ಏಳನೇ ವಾರ ಅತ್ತೆಗೆ ಜ್ವರ ಏರಿತು. ಹೊತ್ತು ಹೊತ್ತಿಗೆ ಇಂಜೆಕ್ಷನ್ ಕೊಡಬೇಕು ಎಂದರು ಡಾಕ್ಟರು. ಮನೆಯಲ್ಲಿ ಸೂಜಿ ಹಿಡಿಯಬಲ್ಲವಳು ಒಬ್ಬಳೇ. ಈ ಸಲ ಯಾರೂ ಅವಳನ್ನು 'ಇರು' ಎಂದು ಕೇಳಲಿಲ್ಲ. ಅವಳೇ ಯೂನಿಫಾರ್ಮ್ ಮಡಚಿ ಕಪಾಟಿನಲ್ಲಿಟ್ಟಳು. ಐದು ದಿನಕ್ಕೆ ಜ್ವರ ಇಳಿಯಿತು. ಕೊನೆಯ ವಾರ ಹಗಲೆಲ್ಲ ವಾರ್ಡಿನಲ್ಲಿ ನಿಂತಳು. ಎರಡು ಸಹಿ ಸಿಕ್ಕಿತು. ಒಟ್ಟು ಹದಿನಾಲ್ಕು.

ಗಂಡ ಹೆಂಡತಿ ಇಬ್ಬರೂ ಕಾಲೇಜಿಗೆ ಹೋದರು. ಗಂಡ ಡ್ರೈವರ್ ಸಮವಸ್ತ್ರದಲ್ಲೇ ಬಂದಿದ್ದ. ಪ್ರಿನ್ಸಿಪಾಲ್ ಮೇಡಂ ಕೇಸ್ ಪುಸ್ತಕ ತಿರುವಿ ನೋಡಿದರು. "ಬರವಣಿಗೆ ಎಷ್ಟು ಚೆನ್ನಾಗಿದೆ ನೋಡಿ," ಅಂದರು. ಅಷ್ಟು ಹೇಳಿ ಪುಸ್ತಕ ಮುಚ್ಚಿದರು.

"ಮೇಡಂ, ಆರು ತಾನೇ," ಅಂದ ಗಂಡ. "ಬರೋ ತಿಂಗಳು ಒಂದು ವಾರ ಆ ವಾರ್ಡಿಗೆ ಹಾಕಿಸಿಬಿಡಿ."

"ವಾರ್ಡು ನಮ್ಮದಲ್ಲ. ವರ್ಷಕ್ಕೆ ಎಂಟು ವಾರ ಕೊಡ್ತಾರೆ. ಈಗ ಬೇರೆ ಕಾಲೇಜಿನವರಿದ್ದಾರೆ."

"ಮನೇಲಿ ನನ್ನ ತಾಯಿಗೆ ಮಾಡಿದ್ದಾಳಲ್ಲ ಮೇಡಂ, ಹಗಲೂ ರಾತ್ರಿ. ಡಾಕ್ಟರೇ ಹೊಗಳಿದ್ರು. ಅದು ಲೆಕ್ಕಕ್ಕಿಲ್ವಾ?"

"ನನ್ನ ಲೆಕ್ಕದಲ್ಲಿ ಇದೆ," ಅಂದರು ಮೇಡಂ. "ಮಂಡಳಿಯ ಲೆಕ್ಕದಲ್ಲಿ ಇಲ್ಲ. ಅವರಿಗೆ ಇಪ್ಪತ್ತು ಸಹಿ ಬೇಕು, ಪರೀಕ್ಷೆಗೆ ಮೊದಲೇ ಬೇಕು. ಡಿಪ್ಲೊಮಾ ಪರೀಕ್ಷೆ ಇದೇ ಕೊನೆ."

ಬ್ರೆಡ್ಡಕ್ಕ ಬಾಯಿಬಿಟ್ಟಳು: "ಡಿಗ್ರಿಗೆ ಸೇರಿಸಿದ್ರೆ?"

"ಡಿಗ್ರಿಗೆ ವಿಜ್ಞಾನ ಓದಿರಬೇಕು. ಇವಳು ಕಾಮರ್ಸ್. ಮತ್ತೆ ಹನ್ನೊಂದನೇ ತರಗತಿಯಿಂದ ಕೂತು ಎರಡು ವರ್ಷ, ಅದರ ಮೇಲೆ ನಾಲ್ಕು ವರ್ಷ. ಈ ಮೂರು ವರ್ಷದ್ದು ಒಂದು ಗಂಟೆನೂ ಜಮಾ ಆಗಲ್ಲ." ಆಮೇಲೆ ದನಿ ತಗ್ಗಿಸಿ, "ನನಗೂ ಸಂಕಟ ಆಗತ್ತಮ್ಮ," ಅಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಬ್ರೆಡ್ಡಕ್ಕನಿಗೆ ಅದರಿಂದ ಇನ್ನಷ್ಟು ಭಯವಾಯಿತು. ಸಿಡುಕಿದ್ದರೆ ಜಗಳವಾಡಬಹುದಿತ್ತು.

ಮನೆಗೆ ಬಂದಾಗ ಕಡ್ಡಿ ಆಲೂಗಡ್ಡೆ ಸುಲಿಯುತ್ತಿದ್ದಳು. ಇಬ್ಬರ ಮುಖ ನೋಡಿ ಮತ್ತೆ ಸುಲಿಯತೊಡಗಿದಳು. ಬ್ರೆಡ್ಡಕ್ಕನೇ ಪಕ್ಕದಲ್ಲಿ ಕೂತು ಪಿಸುಗುಟ್ಟಿದಳು: "ನಿನ್ನ ಗೆಳತಿಯರು ಕೆಲವರು ಸುಳ್ಳು ಸಹಿ ಹಾಕಿಸಿದಾರಂತಲ್ಲ. ನಾವೂ ಆ ಸಿಸ್ಟರ್ ಕಾಲು ಹಿಡಿದು..."

"ಪ್ರತಿ ಹೆರಿಗೆಗೂ ಹೆತ್ತವಳ ದಾಖಲೆ ನಂಬರ್ ಬರೀಬೇಕಮ್ಮ. ಹೆರದೇ ಇರೋಳ ನಂಬರ್ ಎಲ್ಲಿಂದ ತರಲಿ?"

"ಎಲ್ಲದಕ್ಕೂ ಒಂದು ಮಾತು! ಸ್ವಲ್ಪ ಬೇಗ ಎದ್ದಿದ್ರೆ, ಆ ಬುಧವಾರ ಸ್ವಲ್ಪ ಓಡಿದ್ರೆ..."

ಹೇಳಬಾರದ ಮಾತು. ಬಾಯಿಂದ ಜಾರಿದ ಮೇಲೆ ಹಿಡಿಯುವವರು ಯಾರು? ಕಡ್ಡಿ ಚಾಕು ಕೆಳಗಿಟ್ಟಳು.

"ಆ ಬುಧವಾರ ನಾನು ಎದ್ದಾಗ ಐದೂಮುಕ್ಕಾಲು. ಚಾದರದ ಅಂಚು ಒಣಗಿ ಗಟ್ಟಿಯಾಗಿತ್ತು. ಹಾಗೆ ಒಣಗೋಕೆ ಒಂದು ಗಂಟೆ ಮೇಲೆ ಬೇಕು. ನೀನು ಹೊರಟಿದ್ದು ಐದೂಕಾಲಿಗೆ."

ಗಂಡ ಶರ್ಟಿನ ಗುಂಡಿ ಬಿಚ್ಚುತ್ತಿದ್ದವನು ಹಾಗೇ ನಿಂತ. ಮಂಚದ ಮೇಲೆ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು.

"ನನ್ನ ಕೆಲಸ ಹೋಗ್ತಿತ್ತು ಕಣೇ," ಅಂದಳು ಬ್ರೆಡ್ಡಕ್ಕ. "ನಿನ್ನ ಫೀಸಿಗೇ ಅಲ್ವಾ ಆ ಕೆಲಸ? ನಿನಗೋಸ್ಕರಾನೇ ಅಲ್ವಾ?"

"ಗೊತ್ತು," ಅಂದಳು ಕಡ್ಡಿ. "ಎಬ್ಬಿಸಬಹುದಿತ್ತು. ಐದೂಕಾಲಿಗೆ ಎಬ್ಬಿಸಿದ್ದಿದ್ರೆ ಏಳಕ್ಕೆ ಮುಟ್ಟುತ್ತಿದ್ದೆ."

ಎಬ್ಬಿಸಬಹುದಿತ್ತು. ಬ್ರೆಡ್ಡಕ್ಕನಿಗೆ ಅದು ಹೊಳೆಯದೇ ಇರಲಿಲ್ಲ. ಎಬ್ಬಿಸಿದರೆ ಆ ಕಣ್ಣುಗಳನ್ನು ನೋಡಿ ಹೇಳಬೇಕಿತ್ತಲ್ಲ, 'ಇದನ್ನು ನೀನು ಮಾಡು, ನಾನು ಹೋಗ್ತೀನಿ' ಅಂತ. ಅಷ್ಟಕ್ಕೆ ಅವಳಿಗೆ ಧೈರ್ಯ ಸಾಲದೆ ಹೋಗಿತ್ತು. ಕಡ್ಡಿ ಮತ್ತೆ ಚಾಕು ಎತ್ತಿಕೊಂಡು ಆಲೂಗಡ್ಡೆ ಸುಲಿದು ಮುಗಿಸಿದಳು. ಅಂದು ಎಲ್ಲರೂ ಉಂಡರು. ಉಪವಾಸ ಕೂರುವಷ್ಟು ಶಕ್ತಿಯೂ ಆ ಮನೆಯಲ್ಲಿ ಉಳಿದಿರಲಿಲ್ಲ.

ಪರೀಕ್ಷೆಯ ದಿನಗಳು ಬಂದು ಹೋದವು. ಆ ವಾರ ಕಡ್ಡಿ ಒಬ್ಬ ಏಜೆನ್ಸಿಯವನ ಹತ್ತಿರ ಹೋಗಿ ಬಂದಳು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ. ಅರ್ಜಿಯಲ್ಲಿ ಓದು ಎಂಬ ಕಡೆ 'ಹನ್ನೆರಡನೇ ತರಗತಿ' ಎಂದು ಬರೆಸಿಕೊಂಡನಂತೆ. ನರ್ಸಿಂಗ್ ಮೂರು ವರ್ಷ ಎಂದು ಬರೆಯಲೇ ಎಂದು ಕೇಳಿದ್ದಕ್ಕೆ, "ಬೇಡಮ್ಮ, ನೋಂದಣಿ ಇಲ್ಲದೆ ಹಾಗೆ ಬರೆದ್ರೆ ನನ್ನ ಮೇಲೆ ಕೇಸಾಗತ್ತೆ," ಅಂದನಂತೆ.

ಫೀಸು ಕಟ್ಟುವುದು ಇಲ್ಲವಾದ ಮೇಲೆ ಬ್ರೆಡ್ಡಕ್ಕನ ಸಂಬಳಕ್ಕೆ ಅಂಥ ಅವಸರ ಉಳಿಯಲಿಲ್ಲ. ಕಡ್ಡಿಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. "ನೀನೇ ಮನೇಲಿರು," ಎಂದ ಗಂಡ. "ಅಮ್ಮನಿಗೂ ಆಯ್ತು." ಅವಳು ಹೋಗಿ ಮೇಸ್ತ್ರಿಗೆ ಹೇಳಿದಳು. "ಸರಿ ಅಕ್ಕ," ಎಂದ ಅವನು, ತಲೆಯೆತ್ತದೆ. ಮಾರನೇ ದಿನವೇ ಆ ಜಾಗಕ್ಕೆ ಇನ್ನೊಬ್ಬಳು ಬಂದಳಂತೆ. ಆ ಎಂಟು ವಾರ ಶುರುವಾಗುವ ಮೊದಲೇ ಈ ಮಾತನ್ನು ಹೇಳಿಬಿಟ್ಟಿದ್ದರೆ! ಸಾಲ ಮಾಡಿ ಕೊನೆಯ ಕಂತು ಕಟ್ಟಿದ್ದರೆ! ಪಾತ್ರೆ ತೊಳೆಯುವಾಗ ಅವಳು ಇದನ್ನೇ ಯೋಚಿಸುತ್ತಿದ್ದಳು.

ಅತ್ತೆಯ ಗಾಯ ಮಾಯ್ದಿತ್ತು. ಡಾಕ್ಟರು ನೋಡಿ, "ಈ ವಯಸ್ಸಿಗೆ ಇಂಥ ಗಾಯ ಮಾಯೋದು ಅಪರೂಪ. ಇನ್ನೂ ಎರಡು ಮೂರು ವರ್ಷ ಆರಾಮಾಗಿ ಇರ್ತಾರೆ," ಅಂದರು. ಎಲ್ಲರೂ ಒಳ್ಳೆಯದಾಯಿತು ಎಂದರು.

ಕಡ್ಡಿ ಕೆಲಸಕ್ಕೆ ಸೇರಿ ಹತ್ತು ದಿನವಾಗಿತ್ತು. ಆರು ಗಂಟೆಗೆ ಬಂದಳು, ಚಪ್ಪಲಿ ಬಿಟ್ಟು ಕೈ ತೊಳೆದು ನೇರ ಅಜ್ಜಿಯ ಮಂಚಕ್ಕೆ ಹೋದಳು. ಬ್ರೆಡ್ಡಕ್ಕ ಒಲೆಯ ಮೇಲೆ ಚಹಾ ಇಟ್ಟು ಬಂದು ಬಾಗಿಲಲ್ಲಿ ನಿಂತಳು. ಕಡ್ಡಿ ಮುದುಕಿಯ ಹಿಮ್ಮಡಿ ಎತ್ತಿ ನೋಡಿದಳು. ಅಲ್ಲಿ ಕೆಂಪಗೊಂದು ಮಚ್ಚೆ. ಬೆರಳಿಟ್ಟು ಒತ್ತಿ ಬಿಟ್ಟಳು; ಕೆಂಪು ಹಾಗೇ ಇತ್ತು.

"ಎಷ್ಟು ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿಸಿದ್ರಿ?"

ಬ್ರೆಡ್ಡಕ್ಕ ಹಿಂದಕ್ಕೆ ತಿರುಗಿ ನೋಡಿದಳು. ಗಂಡ ಬಂದನೋ, ಇಬ್ಬರನ್ನೂ ಸೇರಿಸಿ ಕೇಳುತ್ತಿದ್ದಾಳೋ ಅಂದುಕೊಂಡಳು. ಹಿಂದೆ ಯಾರೂ ಇರಲಿಲ್ಲ. ಗಂಡನಿಗೆ ಆ ವಾರ ಮತ್ತೆ ಮಧ್ಯಾಹ್ನದ ಪಾಳಿ, ಬರುವುದು ರಾತ್ರಿಯೇ.

"ಊಟ ಆದ ಮೇಲೆ... ಸ್ವಲ್ಪ ಕಣ್ಣು ಹತ್ತಿತು," ಅಂದಳು.

"ಎರಡು ಗಂಟೆ ಅಂದ್ರೆ ಎರಡೇ ಗಂಟೆ. ಕಾಲಿನ ಕೆಳಗೆ ದಿಂಬು ಕೊಡಿ, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಮರೀಬೇಡಿ ನೀವು." ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹತ್ತು ದಿನದಿಂದ ಬೇರೆ ಮನೆಯಲ್ಲಿ, ಬೇರೆ ಮುದುಕಿಯ ಮಗನಿಗೋ ಸೊಸೆಗೋ ಹೇಳುತ್ತಿದ್ದ ಹಾಗೇ, ಮೆತ್ತಗೆ, ಬಿಡಿಬಿಡಿಯಾಗಿ ಹೇಳಿದಳು.

"ಆಯ್ತು," ಅಂದಳು ಬ್ರೆಡ್ಡಕ್ಕ. "ಮರೆಯಲ್ಲ."

ಕಡ್ಡಿ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡಳು. ಬ್ರೆಡ್ಡಕ್ಕ ಟವಲು ಹಿಡಿದು ಹೊರಗೆ ನಿಂತಿದ್ದಳು. ಅದನ್ನು ತೆಗೆದುಕೊಂಡು ಬೆರಳು ಬೆರಳನ್ನೂ ಒರೆಸಿ, ಮಡಚಿ ತಾಯಿಯ ಕೈಗೆ ವಾಪಸು ಕೊಟ್ಟಳು.

"ಥ್ಯಾಂಕ್ಸ್," ಎಂದು ಹೇಳಿ ಒಳಕೋಣೆಗೆ ಹೋದಳು.